ಒಂಬತ್ತು ಗಂಟಿನ ಕೆಂಪು

ಕೊಚ್ಚಿ
12 ಜೂನ್ 2023

ತೀರ್ಥರೂಪು ಅಪ್ಪನವರಿಗೆ ಮೀನಾ ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲೆ ನನ್ನ ಹೆಸರು ನೋಡಿ ಇದನ್ನು ಒಲೆಗೆ ಹಾಕಿಲ್ಲವಾದರೆ ದಯವಿಟ್ಟು ಪೂರ್ತಿ ಓದಿ. ತಡವಾಗಿ ಬಂದ ನನ್ನೆದುರು, ಅವ್ವನ ಮಣ್ಣಿನ ಹತ್ತಿರ ನಿಂತು ನೀವು ಆಣೆ ಇಟ್ಟದ್ದು ನಾನು ಮರೆತಿಲ್ಲ. 'ತಾಯಿ ಮುಖ ನೋಡೋಕೆ ಬರದವಳ ಜೊತೆ ನನಗಿನ್ನು ಮಾತಿಲ್ಲ' ಅಂದಿರಿ. ನಾನು ನಡುಸಮುದ್ರದಲ್ಲಿದ್ದೆ, ಸುದ್ದಿ ಹಡಗಿಗೆ ಮುಟ್ಟಿದ್ದೇ ಮೂರನೇ ದಿನ ಅಂತ ಹೇಳಿ ಹೇಳಿ ಸೋತೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ನೀವು ಎತ್ತುತ್ತಿದ್ದಿರಿ, ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತಿದ್ದಿರಿ. ನಾಲ್ಕು ವರ್ಷವಾಗುತ್ತ ಬಂತು. ಅದಕ್ಕೇ ಈ ಕಾಗದ.

ಒಂದು ಕೆಲಸ ಆಗಬೇಕು. ನನ್ನ ಉದ್ಯೋಗ ನಿಮಗೆ ಗೊತ್ತೇ ಇದೆ, ಆಳ ಸಮುದ್ರದ ಸಿಗಡಿಗಳನ್ನು ಅಳೆದು, ನೋಡಿ, ಯಾವ ಜಾತಿ ಎಂದು ಬರೆದಿಡುವುದು. ಕೊಲ್ಲಂ ಕಡಲಾಚೆ ಆರುನೂರು ಮೀಟರ್ ಕೆಳಗಿನಿಂದ ಒಂದು ಸಿಗಡಿ ಬಲೆಗೆ ಬಂದಿದೆ. ಬೆರಳುದ್ದವಿದೆ. ಮೈಯೆಲ್ಲ ಒಂದು ಕೆಂಪು, ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಇನ್ನೊಂದು ಕೆಂಪಿನ ಪಟ್ಟೆ. ಹಳೆಯ ಜಾತಿಯೊಂದು ಥೇಟ್ ಇದರ ಹಾಗೇ ಇದೆ, ಆದರೆ ಅದಕ್ಕೆ ಪಟ್ಟೆಯಿಲ್ಲ. ನನ್ನದು ಯಾರೂ ಹೆಸರಿಡದ ಹೊಸ ಜಾತಿ ಎನ್ನುವುದಕ್ಕೆ ಆ ಎರಡು ಕೆಂಪೇ ಸಾಕ್ಷಿ. ಸ್ಪಿರಿಟ್ಟಿನ ಸೀಸೆಗೆ ಹಾಕಿದರೆ ಎರಡೇ ದಿನಕ್ಕೆ ಬಣ್ಣವೆಲ್ಲ ಹೋಗಿ, ಬೆಂದ ರೇಷ್ಮೆಹುಳದ ಹಾಗೆ ಬಿಳಿಚಿಕೊಳ್ಳುತ್ತದೆ. ಫೋಟೋ ತೆಗೆದರೆ ಹಡಗಿನ ದೀಪಕ್ಕೆ ಎರಡೂ ಕಿತ್ತಳೆಯಾಗಿ ಕಾಣುತ್ತವೆ.

ಉಸಿರಾಡುತ್ತಿರುವ ಸಿಗಡಿಯ ಪಕ್ಕ ಬಣ್ಣದ ರೇಷ್ಮೆ ಎಳೆ ಹಿಡಿದು ಹೊಂದಿಸಿ ನೋಡಬೇಕು. ನಮ್ಮ ಬಣ್ಣದ ಮನೆಯ ಹನ್ನೆರಡು ಕೆಂಪು ಬೇಕು ಅಪ್ಪ. ತೀರ ತಿಳಿಯಾದ ಒಂದು ಗಂಟಿನದರಿಂದ ತೀರ ಗಾಢವಾದ ಹನ್ನೆರಡು ಗಂಟಿನದರವರೆಗೆ. ನಿಮ್ಮ ಬಣ್ಣ ಎಲ್ಲಿ ಹಾಕಿದರೂ ಬಿಡುವುದಿಲ್ಲ.

ನಿಮ್ಮ ಮಗಳು
ಮೀನಾ


ಕೊಳ್ಳೇಗಾಲ
24 ಜೂನ್ 2023

ಮೀನಾಗೆ,

ಆಶೀರ್ವಾದ ಗೀಶೀರ್ವಾದ ಬರೆದಿಲ್ಲ, ಹುಡುಕಬೇಡ. ಮಾತಾಡುವುದಿಲ್ಲ ಎಂದು ಆಣೆ ಇಟ್ಟವನು ನಾನೇ. ಬರೆಯುವುದಿಲ್ಲ ಎಂದು ಇಟ್ಟಿರಲಿಲ್ಲ. ಅದೇನು ನೀವು ತಾವು ಎಂದೆಲ್ಲ ಬರೆದಿದ್ದೀಯೆ? ನಾನೇನು ತಹಸೀಲ್ದಾರನೇ? ಮೊದಲಿನ ಹಾಗೆ ಬರಿ.

ಮೊಟ್ಟೆ ಕೂಡ ಹೊಸಿಲು ದಾಟದ ಮನೆ ನಮ್ಮದು. ಸಿಗಡಿಗೋಸ್ಕರ ಹಂಡೆ ಕಾಯಿಸು ಅನ್ನುತ್ತೀಯಲ್ಲ, ನಿನ್ನ ಧೈರ್ಯಕ್ಕೆ ಏನು ಹೇಳಲಿ! ನಮ್ಮಲ್ಲಿ ನೂಲು ಸುತ್ತಲು ಬರುವ ಶಾಗ್ಯದ ರಾಣಿಯ ಹತ್ತಿರ ಕೂಗಾಡಿದೆ. 'ದಿನಾ ಗೂಡು ಬೇಯ್ಸಿ ತಗ್ದ ನೂಲೇ ಅಲ್ವಾ ಮಾವ ನೀವು ಮುಟ್ಟೋದು? ಅದ್ರೊಳ್ಗೂ ಒಂದು ಜೀವ ಇತ್ತಲ್ವಾ?' ಅಂದಳು. ಬಾಯಿ ಮುಚ್ಚಿಕೊಂಡು ಹಂಡೆ ಇಟ್ಟೆ.

ಪದ್ಧತಿ ಮರೆತಿದ್ದರೆ ಹೇಳುತ್ತೇನೆ. ಬಣ್ಣ ಹಾಕಿದ ಪ್ರತಿ ನೂಲಿನ ಲಡಿಯಿಂದ ಒಂದೆಳೆ ತೆಗೆದು ಎರಡು ತುಂಡು ಮಾಡಿ, ಎರಡಕ್ಕೂ ಆ ಬಣ್ಣದ ಲೆಕ್ಕದಷ್ಟೇ ಗಂಟು ಹಾಕಿ, ಅರ್ಧ ನಿನಗೆ ಕಳಿಸಿದ್ದೇನೆ, ಅರ್ಧ ನನ್ನ ತಗಡಿನ ಪೆಟ್ಟಿಗೆಯಲ್ಲಿದೆ. ಹಂಡೆಯ ಕೆಳಗೆ ಉರಿ ಇರುವಷ್ಟು ಕಾಲ ನನ್ನ ಅರ್ಧ ಯಾರು ಕೇಳಿದರೂ ಕೊಡುವುದಿಲ್ಲ. ಹಂಡೆ ಬೋರಲು ಹಾಕಿ ಕಸುಬು ಬಿಟ್ಟ ದಿನ ಅವರವರದು ಅವರವರಿಗೆ. ನಮ್ಮಪ್ಪ ಮಾಡಿದ್ದೂ ಹಾಗೇ. ಗಂಟು ಹಾಕುವುದು ನಿಮ್ಮವ್ವನ ಕೆಲಸವಾಗಿತ್ತು. ಈಗ ನಾನೇ ಹಾಕಿದ್ದೇನೆ, ಅಷ್ಟು ಓರಣವಾಗಿಲ್ಲ.

ಒಂದು ಮಾತು ಕೇಳಬೇಕು. ಅಷ್ಟು ಆಳದಲ್ಲಿ ಬರೀ ಕತ್ತಲೆಯಂತೆ. ಯಾರೂ ನೋಡದ ಕಡೆ ಅದಕ್ಕೆ ಕೆಂಪು ಯಾತಕ್ಕೆ?

ಶಿವನಂಜಯ್ಯ


ಕೊಚ್ಚಿ
3 ಸೆಪ್ಟೆಂಬರ್ 2023

ಅಪ್ಪ,

ಒಲೆಗೆ ಹಾಕಲಿಲ್ಲವಲ್ಲ! ನಿನ್ನ ಕಾಗದ ಕೈಗೆ ಬಂದ ದಿನ ಎಷ್ಟು ಸಲ ಓದಿದೆನೋ. ಮಧ್ಯೆ ಬೈದಿರುವ ಕಡೆಯೇ ಜಾಸ್ತಿ ಸಲ ಓದಿದೆ.

ಮೊನ್ನೆ ಹಡಗಿನಿಂದ ಇಳಿದೆ. ಬಲೆ ಮೇಲೆ ಬರುತ್ತಿದ್ದಂತೆ ಸಿಗಡಿಯನ್ನು ಐಸಿನಂಥ ನೀರಿನ ತಟ್ಟೆಗೆ ಬಿಟ್ಟು, ನಿನ್ನ ಹನ್ನೆರಡು ಎಳೆಯನ್ನೂ ಒಂದೊಂದಾಗಿ ಪಕ್ಕಕ್ಕೆ ಹಿಡಿದೆ. ಮೈಗೆ ಏಳು ಗಂಟಿನದು. ಪಟ್ಟೆಗೆ ಒಂಬತ್ತು ಗಂಟಿನದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ನಮ್ಮ ಮುಖ್ಯಸ್ಥರು 'ಇದನ್ನು ಬಣ್ಣ ಮಾಡಿದವರು ಯಾರು' ಎಂದು ಕೇಳಿದರು. ನಮ್ಮಪ್ಪ ಅಂದೆ.

ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಸೂರ್ಯನ ಬೆಳಕಿನ ಕೆಂಪಿನ ಭಾಗ ನೀರಿನಲ್ಲಿ ಬಹಳ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಅಲ್ಲಿ ಕೆಂಪು ವಸ್ತು ಕಪ್ಪಾಗಿ ಕಾಣುತ್ತದೆ. ಸಿಗಡಿಯನ್ನು ತಿನ್ನಲು ಬಂದ ಮೀನಿಗೆ ಅದು ಕತ್ತಲೆಯ ಒಂದು ತುಂಡು, ಅಷ್ಟೆ. ಕಾಣದಿರುವುದಕ್ಕೇ ಅದು ಕೆಂಪಾಗಿರುವುದು.

ನಿನ್ನ ಮೀನಾ


ಕೊಳ್ಳೇಗಾಲ
20 ಸೆಪ್ಟೆಂಬರ್ 2023

ಮೀನಾಗೆ,

ಕಾಗದ ಓದಿದೆ. ಕೆಲವು ವಿಷಯ ತಿಳಿಯಬೇಕು, ಬಿಡಿಸಿ ಬರಿ.

ಎಷ್ಟು ಅಡಿ ಕೆಳಗೆ ಹೋದರೆ ಕೆಂಪು ಕಪ್ಪಾಗುತ್ತದೆ? ಒಂದೇ ಸಲಕ್ಕೆ ಕಪ್ಪಾಗುತ್ತದೋ, ಮೊದಲು ಮಾಸಲಾಗಿ, ಆಮೇಲೆ ಕಂದಾಗಿ, ಆಮೇಲೆ ಕಪ್ಪೋ? ಎಲ್ಲಕ್ಕಿಂತ ಮೊದಲು ಹೋಗುವುದು ಕೆಂಪೇನಾ? ನೀಲಿ, ಹಳದಿ ಇನ್ನೂ ಸ್ವಲ್ಪ ದಿನ ಉಳಿಯುತ್ತವಾ? ಮೇಲಕ್ಕೆ ತಂದರೆ ಕೆಂಪು ಮತ್ತೆ ಬರುತ್ತದಾ?

ಇಲ್ಲಿ ವಿಶೇಷವಿಲ್ಲ. ಮಧ್ಯಾಹ್ನದ ಮೇಲೆ ಬಣ್ಣ ಹಾಕುವುದು ಬಿಟ್ಟಿದ್ದೇನೆ, ವಯಸ್ಸಾಯಿತು, ಸೊಂಟ ಹಿಡಿಯುತ್ತದೆ. ಯಳಂದೂರಿನ ನಿನ್ನ ಸೋದರಮಾವ ಜಡೇಸ್ವಾಮಿ ಬಂದಿದ್ದ, ಮೈಸೂರಿಗೆ ಹೋಗಿಬರೋಣ ಎಂದು ಕರೆದ. ಹೋಗಿ ಬಂದೆವು.

ಶಿವನಂಜಯ್ಯ


ಕೊಚ್ಚಿ
8 ನವೆಂಬರ್ 2023

ಅಪ್ಪ,

ನೀನು ನನ್ನ ಕೆಲಸದ ಬಗ್ಗೆ ಇಷ್ಟೊಂದು ಕೇಳುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೆಳಗಿಳಿದಂತೆ ಎಲ್ಲಕ್ಕಿಂತ ಮೊದಲು ಹೋಗುವುದು ಕೆಂಪೇ. ಐವತ್ತು, ನೂರು ಅಡಿಗೆಲ್ಲ ಮಂಕಾಗುತ್ತದೆ. ಒಂದೇ ಸಲಕ್ಕಲ್ಲ, ನೀನು ಬರೆದ ಹಾಗೇ, ಮಾಸಲು, ಕಂದು, ಕಪ್ಪು. ಕೊನೆಯವರೆಗೆ ಉಳಿಯುವುದು ನೀಲಿ. ಆದರೆ 'ಇನ್ನೂ ಸ್ವಲ್ಪ ದಿನ' ಅಂತ ಬರೆದಿದ್ದೆಯಲ್ಲ, ದಿನವಲ್ಲ ಅಪ್ಪ, ಅಡಿ! ಓದಿ ನಕ್ಕೆ. ಮೇಲೆ ತಂದರೆ ಕೆಂಪು ಬಂದೇ ಬರುತ್ತದೆ. ಅದು ಎಲ್ಲೂ ಹೋಗಿರುವುದಿಲ್ಲ.

ಒಂದು ಅನಾಹುತವಾಗಿದೆ. ಬಿರುಗಾಳಿಯಲ್ಲಿ ನನ್ನ ಪುಸ್ತಕ ಉಪ್ಪುನೀರಿಗೆ ಬಿದ್ದು, ಅಂಟಿಸಿದ ಎಳೆಗಳೆಲ್ಲ ಬೂಷ್ಟು ಹಿಡಿದುಹೋದವು. ಸಿಗಡಿಯ ಜೊತೆ ಮ್ಯೂಸಿಯಮ್ಮಿಗೆ ಕಳಿಸಲು ಏಳು ಮತ್ತು ಒಂಬತ್ತು ಮತ್ತೆ ಬೇಕು. ಅವೆರಡೇ ಸಾಕು.

ಇನ್ನೊಂದು ವಿಷಯ. ಹೊಸ ಜಾತಿಗೆ ಹೆಸರಿಡುವ ಹಕ್ಕು ನನ್ನದು. ನಿನ್ನ ಹೆಸರಿಡಲಾ? ಪ್ರಪಂಚ ಇರುವವರೆಗೆ ಪುಸ್ತಕದಲ್ಲಿ ಶಿವನಂಜಯ್ಯ ಅಂತ ಇರುತ್ತದೆ.

ಮೀನಾ


ಕೊಳ್ಳೇಗಾಲ
2 ಫೆಬ್ರವರಿ 2024

ಚಿರಂಜೀವಿ ಮೀನಾಳಿಗೆ ಆಶೀರ್ವಾದಗಳು.

ನನ್ನ ಹೆಸರನ್ನು ಸಿಗಡಿಗೆ ಇಡುತ್ತೀಯಾ? ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡುವುದು ಬೇಡವೇನೇ ನಾನು! ಇಡಲೇಬೇಕು ಅಂತಿದ್ದರೆ ನಿಮ್ಮವ್ವನ ಹೆಸರಿಡು. ಪುಟ್ಟಗೌರಮ್ಮ ಬದುಕಿದ್ದರೆ ಮೂಗು ಮುಚ್ಚಿಕೊಂಡು, ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಎರಡು ಎಳೆ ಇಟ್ಟಿದ್ದೇನೆ. ತಡವಾಯಿತು. ಮೂರು ಸಲ ಹಂಡೆ ಇಟ್ಟು ಮೂರು ಸಲ ಚೆಲ್ಲಿದೆ. ಇದು ನಾಲ್ಕನೆಯದು. ಸರಿ ಬಂದಿದೆ ಅನ್ನಿಸಿತು.

ಬಿಳಿಗಿರಿರಂಗನ ಬೆಟ್ಟಕ್ಕೆ ಈ ವರ್ಷ ಮೋಡ ಮುಚ್ಚಿಕೊಂಡೇ ಇದೆ. ಮಾಳಿಗೆ ಹತ್ತಿ ನೋಡಿದರೂ ಕಾಣುವುದಿಲ್ಲ. ಅಕ್ಷರ ದೊಡ್ಡದಾಗಿದೆ ಅನ್ನಬೇಡ, ಪೆನ್ನು ಸರಿಯಿಲ್ಲ.

ನಿನ್ನ ಅಪ್ಪ


ಕೊಚ್ಚಿ
19 ಜುಲೈ 2024

ಅಪ್ಪ,

ಹೊಸ ಜಾತಿಯ ಬಗ್ಗೆ ಬರೆದ ನನ್ನ ಲೇಖನ ವಾಪಸ್ ಬಂದಿದೆ. 'ಎರಡು ಕೆಂಪು ಎಂದು ಬರೆದಿದ್ದೀರಿ, ಕಳಿಸಿದ ಎಳೆಗಳೆರಡೂ ಒಂದೇ ಕೆಂಪು. ಹಾಗಾದರೆ ಪಟ್ಟೆ ಎಲ್ಲಿದೆ? ಇದು ಹಳೆಯ ಜಾತಿಯೇ' ಎಂದು ಪರೀಕ್ಷಕರು ಬರೆದಿದ್ದಾರೆ. ಎಳೆಗಳನ್ನೂ ವಾಪಸ್ ಕಳಿಸಿದ್ದಾರೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಏಳು ಗಂಟಿನದೂ ಒಂಬತ್ತು ಗಂಟಿನದೂ ಒಂದೇ ಬಣ್ಣ. ಒಂದೇ ಹಂಡೆಯಲ್ಲಿ ಅದ್ದಿ ಗಂಟು ಮಾತ್ರ ಬೇರೆ ಹಾಕಿದ ಹಾಗಿದೆ.

ಕಳಿಸುವ ಮೊದಲು ನಾನು ನೋಡಲಿಲ್ಲ. ನಮ್ಮ ಮನೆಯಲ್ಲಿ ಗಂಟು ಎಣಿಸಿದ ಮೇಲೆ ಬಣ್ಣ ನೋಡಿದವರುಂಟೇ? ಬೆರಳಲ್ಲಿ ಎಣಿಸಿ, ಲಕೋಟೆಗೆ ಹಾಕಿ, ಅಂಟಿಸಿಬಿಟ್ಟೆ.

ಒಂದೇ ಒಂದು ಸೀರೆಗೆ ನೀನು ಹೀಗೆ ಮಾಡಿದ್ದಿಲ್ಲ. ನಲವತ್ತು ವರ್ಷದಲ್ಲಿ ಒಬ್ಬ ನೇಕಾರನೂ ನಿನ್ನ ಗಂಟಿನ ಕಡೆ ಬೆರಳು ತೋರಿಸಿದ್ದಿಲ್ಲ. ನನಗೆ ಮಾತ್ರ ಇಷ್ಟು ಸಾಕು ಅನ್ನಿಸಿತಾ? ತಾಯಿಯ ಮಣ್ಣಿಗೆ ಬರದವಳಿಗೆ, ಹುಳಕ್ಕೆ, ಸಿಗಡಿಗೆ ಇಷ್ಟು ಸಾಕಾ? ಆಶೀರ್ವಾದ ಅಂತ ಬರೆದು ಹೀಗೆ ಮಾಡುವ ಬದಲು ಮೊದಲ ಕಾಗದವನ್ನೇ ಒಲೆಗೆ ಹಾಕಬಹುದಿತ್ತು. ಅದು ಅವ್ವನ ಹೆಸರು ಅಪ್ಪ. ಅವ್ವನ ಹೆಸರು ವಾಪಸ್ ಬಂತು.

ಮೀನಾ


ಕೊಳ್ಳೇಗಾಲ
30 ಸೆಪ್ಟೆಂಬರ್ 2024

ಮೀನಾಗೆ,

ತಪ್ಪು ನನ್ನದು. ಅವಸರ ಮಾಡಿದೆ. ಸಿಗಡಿಗೆ ತಾನೇ ಎಂದು ಉದಾಸೀನ ಮಾಡಿದೆ. ನೀನು ಬರೆದದ್ದು ಸರಿ. ಇನ್ನು ನನ್ನನ್ನು ಎಳೆ ಕೇಳಬೇಡ.

ಶಿವನಂಜಯ್ಯ


ಕೊಚ್ಚಿ
14 ಜನವರಿ 2025

ಅಪ್ಪ,

ನಾನಿನ್ನು ಬರೆಯಬಾರದು ಅಂತಿದ್ದೆ. ಇವತ್ತು ಸಂಕ್ರಾಂತಿ, ಆಫೀಸಿಗೆ ರಜೆ ಹಾಕಿದ್ದೇನೆ. ನಿನ್ನ ಕಾಗದಗಳನ್ನೆಲ್ಲ ಎಸೆಯೋಣ ಎಂದು ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ಅಕ್ಷರ ಮುತ್ತಿನ ಹಾಗಿದೆ. ಕೊನೆಯದರಲ್ಲಿ ನಾಲ್ಕು ಸಾಲು ಪುಟವೆಲ್ಲ ತುಂಬಿದೆ, ಒಂದರ ಮೇಲೆ ಒಂದು ಹತ್ತಿದೆ. ಬಂದ ದಿನ ಅದು ಸಿಟ್ಟು ಅಂದುಕೊಂಡಿದ್ದೆ.

ಫೆಬ್ರವರಿ ತಿಂಗಳಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಯಾವ ಮೋಡ ಅಪ್ಪ?

ಎಲ್ಲಕ್ಕಿಂತ ಮೊದಲು ಹೋಗುವುದು ಕೆಂಪೇನಾ ಎಂದು ನೀನು ಕೇಳಿದ್ದೆ. ನೀಲಿ ಇನ್ನೂ ಸ್ವಲ್ಪ ದಿನ ಉಳಿಯುತ್ತದಾ ಎಂದು ಕೇಳಿದ್ದೆ. ದಿನವಲ್ಲ, ಅಡಿ ಎಂದು ನಾನು ನಕ್ಕೆ. ಮೇಲೆ ತಂದರೆ ಕೆಂಪು ಮತ್ತೆ ಬರುತ್ತದಾ ಎಂದು ಕೇಳಿದ್ದೆ. ಬಂದೇ ಬರುತ್ತದೆ ಎಂದು ಬರೆದೆ. ನೀನು ಅದನ್ನು ಎಷ್ಟು ದಿನ ನಂಬಿಕೊಂಡಿದ್ದೆ?

ನೀನು ಕೇಳಿದ್ದು ಸಿಗಡಿಯ ವಿಷಯ ಅಲ್ಲ, ಅಲ್ಲವಾ? ಮೈಸೂರಿಗೆ ಹೋಗಿ ಬಂದೆವು ಅಂದೆಯಲ್ಲ, ಯಾವ ಆಸ್ಪತ್ರೆಗೆ? ಕಣ್ಣಿದ್ದವಳು ನಾನು, ನಾನೇ ನೋಡಲಿಲ್ಲ. ನಿನ್ನನ್ನು ಬೈದೆ. ನಿಜ ಹೇಳು ಅಪ್ಪ, ಕಾಲಿಗೆ ಬೀಳುತ್ತೇನೆ.

ಮೀನಾ


ಕೊಳ್ಳೇಗಾಲ
9 ಫೆಬ್ರವರಿ 2025

ಮೀನವ್ವ,

ಇದು ರಾಣಿ ಕೈಬರಹ. ನಾನು ಯೋಳ್ದಂಗೇ ಬರೀಬೇಕು, ಒಂದಕ್ಸರ ತಿದ್ದಂಗಿಲ್ಲ ಅಂದಿವ್ನಿ. ಆಣೆ ಮುರ್ದ ಅಂದ್ಕಬ್ಯಾಡ. ನಾನು ರಾಣಿಗೆ ಯೋಳ್ತಾ ಇವ್ನಿ, ನಿಂಗಲ್ಲ. (ಇದನ್ನೂ ಬರೀಬೇಕಾ ಮಾವ ಅಂದೆ. ಊಂ ಅಂದ್ರು. ರಾಣಿ.)

ಕಣ್ಣಿನ ನರ ಒಣಗ್ಬುಟ್ಟದೆ ಕಣವ್ವ. ಓದ ದೃಷ್ಟಿ ಇನ್ನು ಬರಕಿಲ್ಲ ಅಂತ ಮೈಸೂರಲ್ಲಿ ಡಾಕ್ಟ್ರು ಅವತ್ತೇ ಅಂದ್ರು. ಮೊದ್ಲು ಕೆಂಪೇ ಓಯ್ತು. ಹಂಡೆಲಿ ಕುಂಕುಮ ಕದಡಿದ್ರೆ ಕಾಡಿಗೆ ಕದಡ್ದಂಗೆ ಕಾಣದು. ಯಾರ್ತಾವ ಯೋಳ್ಲಿ? ಬಣ್ಣದ ಸಿವನಂಜಯ್ಯಂಗೆ ಬಣ್ಣ ಕಾಣಕಿಲ್ವಂತೆ ಅಂತ ಕೊಳ್ಳೇಗಾಲದ್ ತುಂಬ ಆಯ್ತದೆ. ನೀನು ಬರ್ದಿದ್ದು ಓದಿ, ಮ್ಯಾಲಕ್ಕೆ ಬಂದ್ರೆ ಕೆಂಪು ಬತ್ತದೆ ಅಂತಾಳೆ ನನ್ ಮಗಳು, ಸಮುದ್ರ ನೋಡಿರೋಳು, ಸುಳ್ಳಾಡಕಿಲ್ಲ ಅಂದ್ಕಂಡೆ. ಒಂದು ಚಳಿಗಾಲ ಪೂರ್ತಿ ಕಾದೆ. ನಿನ್ ತಪ್ಪಲ್ಲ ಬುಡು.

ನಿನ್ನ ಏಳು, ಒಂಬತ್ತಕ್ಕೆ ರಾಣೀನ ಕೇಳಿ ಮಾಡ್ಬೋದಿತ್ತು. ಮಾನ ಅಡ್ಡ ಬಂತು. ಉದಾಸೀನ ಮಾಡ್ದೆ ಅಂತ ಬರ್ದೆ ನೋಡು, ಅದು ಮಾತ್ರ ಸುಳ್ಳು. ಕುಲ್ಡ ಅನ್ನಿಸ್ಕಳದ್ಕಿಂತ ಕೆಟ್ಟೋನು ಅನ್ನಿಸ್ಕಂಡ್ರೆ ವಾಸಿ ಅನ್ನಿಸ್ತು.

ಇದ್ರ ಜೊತೆ ಒಂದು ಡಬ್ಬ ಬತ್ತದೆ. ಮೊದ್ಲು ನಿಂಗೆ ಹನ್ನೆರಡು ಕಳಿಸಿದ್ನಲ್ಲ, ಅವುಗಳ ನನ್ನ ಅರ್ಧ. ಆಗ ಕಣ್ಣು ಪೂರ್ತಿ ಓಗಿರ್ನಿಲ್ಲ. ಅದ್ರಲ್ಲಿ ಏಳು ಏಳೇ, ಒಂಬತ್ತು ಒಂಬತ್ತೇ. ಮ್ಯೂಸಿಯಮ್ನೋರ್ಗೆ ಕೊಡು. ನಿಮ್ಮವ್ವನ ಎಸ್ರು ನಿಲ್ಲಲಿ.

ನನ್ನ ಅರ್ಧ ಯಾವಾಗ ಕೊಡೋದು ಅಂತ ನಿಂಗೆ ಗೊತ್ತು. ಎಲ್ಲಾರ್ದೂ ಕೊಟ್ಬುಟ್ಟೆ. ಹಂಡೆ ಬೋರ್ಲು ಹಾಕಿವ್ನಿ.

ನಿಮ್ಮಪ್ಪ


ಕೊಚ್ಚಿ
10 ಜೂನ್ 2025

ಅಪ್ಪ,

ರಾಣಿ, ಇದನ್ನು ಅಪ್ಪನ ಪಕ್ಕ ಕೂತು ನಿಧಾನವಾಗಿ ಓದು.

ಅವ್ವನ ಹೆಸರು ನಿಂತಿತು. ಸಿಗಡಿಯ ಹೆಸರು ಇನ್ನು ಪ್ಲೆಸಿಯೋನಿಕಾ ಗೌರಿಯೆ, ಅಂದರೆ ಗೌರಿಯದು. ನಿನ್ನ ಎಳೆಗಳನ್ನು ನೋಡಿ ಪರೀಕ್ಷಕರು ಒಪ್ಪಿದರು. ಮ್ಯೂಸಿಯಮ್ಮಿನಲ್ಲಿ ಬಿಳಿಚಿದ ಸಿಗಡಿಯ ಸೀಸೆ, ಅದರ ಕೊರಳಿಗೆ ಕಟ್ಟಿದ ಎರಡು ಎಳೆ. ಸಿಗಡಿ ಕೆಂಪಗಿತ್ತು ಎನ್ನುವುದಕ್ಕೆ ಇನ್ನು ನಿನ್ನ ರೇಷ್ಮೆಯೇ ಸಾಕ್ಷಿ.

ಒಂದು ಮುಚ್ಚಿಟ್ಟಿದ್ದೇನೆ, ಹೇಳಿಬಿಡುತ್ತೇನೆ. ಮೇ ಹದಿನೆಂಟಕ್ಕೆ ನಾನು ಊರಿಗೆ ಬಂದಿದ್ದೆ. ರಾಣಿ ತನ್ನೂರಿಗೆ ಹೋಗಲು ಹನೂರಿನ ಬಸ್ಸು ಹತ್ತುವುದನ್ನು ನಿಲ್ದಾಣದಲ್ಲಿ ಕಂಡೆ. ಮನೆಯಲ್ಲಿ ನೀನೊಬ್ಬನೇ ಒಳಜಗುಲಿಯ ಮೇಲೆ ಕೂತಿದ್ದೆ. ಬೋರಲು ಹಾಕಿದ ಹಂಡೆಯ ಮೇಲೆ ಬೆಕ್ಕು ಮಲಗಿತ್ತು. 'ಅಪ್ಪ' ಅಂತ ಬಾಯಿಯವರೆಗೆ ಬಂತು. ನನ್ನ ದನಿ ಕೇಳಿದರೆ ಫೋನಿನಲ್ಲಿ ಮಾಡಿದ ಹಾಗೆ ನೀನು ಬಾಯಿ ಮುಚ್ಚಿಬಿಡುತ್ತೀಯ ಅಂತ ಹೆದರಿದೆ. ಅವ್ವನ ಮಣ್ಣಿನ ಆಣೆ, ನಾನಾಗಿ ಮುರಿಸಬಾರದು ಅಂದುಕೊಂಡೆ. ರಾಣಿಯೇ ಬಂದಳು ಅಂದುಕೊಳ್ಳಲಿ ಎಂದು ಸುಮ್ಮನೆ ಒಳಗೆ ಬಂದೆ.

ನೀನು ಕೈ ಚಾಚಿದೆ. ವಾಪಸ್ ಬಂದಿದ್ದ ಆ ಒಂಬತ್ತು ಗಂಟಿನ ಎಳೆ, ನೀನು ಕೊನೆಯದಾಗಿ ಬಣ್ಣ ಹಾಕಿದ್ದು, ನನ್ನ ಚೀಲದಲ್ಲಿತ್ತು. ಕೈಗೆ ಇಟ್ಟೆ. ನೀನು ಒಂದೊಂದೇ ಗಂಟು ಎಣಿಸಿದೆ. 'ಯಾವ್ ಬಣ್ಣ ಬಂದದೆ, ಯೋಳವ್ವ' ಅಂದೆ.

ಸರಿಯಾಗಿ ಬಂದಿಲ್ಲ ಎಂದು ರಾಣಿಯಾಗಿ ಹೇಗೆ ಹೇಳಲಿ? ಮಗಳಾಗಿಯಂತೂ ಹೇಗೆ ಹೇಳಲಿ? ನೀನು ಇನ್ನೊಂದು ಸಲ ಕೇಳಿದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ನಡೆದು ಬಂದುಬಿಟ್ಟೆ. ನಾಲ್ಕು ಗಂಟೆಯ ಬಸ್ಸು ಹತ್ತಿದೆ. ರಾಣಿ ಅಂದುಕೊಂಡೇ ಆದರೂ ನೀನು ನನ್ನ ಜೊತೆ ಮಾತಾಡಿದೆಯಲ್ಲ, ಅಷ್ಟನ್ನೇ ದಾರಿಯುದ್ದಕ್ಕೂ ನೆನೆದುಕೊಂಡು ಹೋದೆ.

ನಿನ್ನ ಮೀನಾ


ಕೊಳ್ಳೇಗಾಲ
5 ಜುಲೈ 2025

ಮೀನವ್ವ,

ರಾಣಿ ಎರಡು ಸಲ ಓದಿದ್ಳು. ಎರಡ್ನೇ ಸಲ ಅವ್ಳಿಗೇ ಓದಕ್ಕಾಗ್ನಿಲ್ಲ.

ರಾಣಿ ಬಂದ್ರೆ ಬೀದಿ ತಿರುವ್ನಿಂದ್ಲೇ ಬಳೆ ಸದ್ದು ಬತ್ತದೆ. ಹೊಸಿಲ ಮ್ಯಾಲೆ ಎಡಗಾಲು ಉಜ್ಜಿ ಒಳೀಕ್ ಬರೋಳು ಈ ಮನೇಲಿ ನೀನೊಬ್ಳೇ. ಮೂರು ವರ್ಸದ್ ಮಗು ಆಗಿದ್ದಾಗ್ಲಿಂದ್ಲೂ ಅಂಗೇ. ಕಣ್ಣು ಓದ್ರೆ ಕಿವೀನೂ ಓಯ್ತದಾ?

ನೀನು ಅಂತ ಗೊತ್ತಿತ್ತು. ಗೊತ್ತಿದ್ದೇ ಕೈ ಚಾಚ್ದೆ. ಪುಟ್ಟಗೌರೀ, ತೆಪ್ಪಾಯ್ತು ಕಣೇ ಅಂತ ಮನ್ಸಲ್ಲೇ ಅಂದು, ಆರು ವರ್ಸದ್ ಆಣೆ ಮುರ್ದೆ. ಅದ್ಯಾವ್ ಬಣ್ಣ ಅಂತ ನಂಗೊತ್ತಿರ್ನಿಲ್ವಾ? ಏಳೂ ಒಂಬತ್ತೂ ಒಂದೇ ಅಂತ ನೀನೇ ಬರ್ದಿದ್ದೆ. ಬಣ್ಣ ತಿಳ್ಕಳಕ್ಕೆ ಕೇಳ್ನಿಲ್ಲ ಕಣವ್ವ. ನಿನ್ನ ದನಿ ಕೇಳಕ್ಕೆ ಕೇಳ್ದೆ.

ನೀನು ಮಾತಾಡ್ನಿಲ್ಲ. ಎರಡ್ನೇ ಸಲ ಕೇಳ್ದೆ, ಆಗ್ಲೂ ಇಲ್ಲ. ನಾನು ಇಷ್ಟು ವರ್ಸ ನನ್ ಮಗಳಿಗೆ ಮಾಡಿದ್ದು ಇವತ್ತು ನಂಗೆ ತಿರುಗಿ ಬಂತು ಅಂದ್ಕಂಡು ಅಲ್ಲೇ ಕೂತಿದ್ದೆ, ಬಸ್ಸು ಓದ ಮೇಲೂ ಕೂತೇ ಇದ್ದೆ.

ಎಳೆ ನನ್ನ ದಿಂಬಿನ ಕೆಳಗದೆ. ರಾಣಿಗೆ ತೋರ್ಸಿಲ್ಲ. ನೀನು ಬಂದಾಗ ಇನ್ನೊಂದ್ಸಲ ಕೇಳ್ತೀನಿ.

ನಿಮ್ಮಪ್ಪ